ಕೆಂಪು ಬಾಗಿಲ ಮನೆಗೆ ಹೊಸ ಒಕ್ಕಲು

ಊರಿನಲ್ಲಿ ಯಾರೂ ನೆಮ್ಮದಿಯಾಗಿ ಮಲಗದ ಮನೆ ಯಾವುದು ಎಂದು ಕೇಳಿದರೆ ನಾನು ಫೈರ್ ಸ್ಟೇಶನ್ ಎನ್ನುತ್ತೇನೆ. ಆಸ್ಪತ್ರೆಯಲ್ಲಾದರೆ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಪೊಲೀಸ್ ಠಾಣೆಯಲ್ಲಿ ಲಾಕಪ್ಪಿನವರಾದರೂ ಗೊರಕೆ ಹೊಡೆಯುತ್ತಾರೆ. ಫೈರ್ ಸ್ಟೇಶನ್ನಿನಲ್ಲಿ ಮಂಚವಿದೆ, ಹಾಸಿಗೆಯಿದೆ, ಮಲಗಲು ಅಪ್ಪಣೆಯೂ ಇದೆ, ನಿದ್ದೆಯೊಂದಿಲ್ಲ. ಒಂದು ಕಿವಿ ದಿಂಬಿನ ಮೇಲೆ, ಇನ್ನೊಂದು ಗಂಟೆಯ ಕಡೆಗೆ. ಅಂಥದೊಂದು ಮನೆಯಲ್ಲಿ ಈಗ ರಾತ್ರಿಗಿಷ್ಟು ಎಂದು ನಿದ್ದೆಯನ್ನು ಮಾರುತ್ತಾರೆ. ವ್ಯಾಪಾರವೂ ಚೆನ್ನಾಗಿದೆ.

ಡೆಟ್ರಾಯಿಟ್ ನಗರದ ಡೌನ್‌ಟೌನಿನಲ್ಲಿ, ಲಾರ್ನೆಡ್ ಬೀದಿಯ 250ನೇ ನಂಬರಿನ ಕಟ್ಟಡ ಅದು. ಎದುರಿಗೇ ದೊಡ್ಡ ಸಮಾವೇಶ ಭವನ. ಹಳಬರು ಅದನ್ನು ಇನ್ನೂ ಕೋಬೋ ಎಂದೇ ಕರೆಯುತ್ತಾರೆ. ನನ್ನ ಹಾಗೆ ಕಾರು ಕಂಪನಿಗಳ ಅನ್ನ ತಿನ್ನುವ ಕನ್ನಡಿಗರು ನೋವೈ, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಎಂದು ಊರಾಚೆ ಚದುರಿಕೊಂಡಿದ್ದೇವೆ. ಡೌನ್‌ಟೌನಿಗೆ ಹೋಗುವುದು ಆಟೋ ಶೋ ಇದ್ದಾಗ, ಇಲ್ಲವೇ ಊರಿಂದ ನೆಂಟರು ಬಂದಾಗ. ಒಂದು ಬೇಸಿಗೆಯಲ್ಲಿ ಹಾಗೆ ಬಂದವರು ನನ್ನ ಚಿಕ್ಕಪ್ಪ. ಹಾಸನದ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನದಿ, ಸೇತುವೆ, ಗಗನಚುಂಬಿ ಯಾವುದಕ್ಕೂ ಹೂಂ ಎನ್ನದವರು ಲಾರ್ನೆಡ್ ಬೀದಿಯಲ್ಲಿ ಗಕ್ಕನೆ ನಿಂತರು. ‘ಇದು ನಮ್ಮವರ ಮನೆ ಕಣೋ,’ ಎಂದರು. ಬೋರ್ಡು ಓದಿ ಹೇಳಿದ್ದಲ್ಲ. ಬೋರ್ಡಿನಲ್ಲಿ ‘ಡೆಟ್ರಾಯಿಟ್ ಫೌಂಡೇಶನ್ ಹೋಟೆಲ್’ ಎಂದಿತ್ತು. ಅವರು ನೋಡಿದ್ದು ಬಾಗಿಲುಗಳನ್ನು.

ಆ ಬಾಗಿಲುಗಳು ನೋಡುವಂಥವೇ. ಎತ್ತರ, ಅಗಲ, ಅಚ್ಚ ಕೆಂಪು. ಮನುಷ್ಯರು ಬಂದುಹೋಗಲು ಅಷ್ಟು ದೊಡ್ಡ ಬಾಗಿಲು ಬೇಕಿಲ್ಲ. ಗಂಟೆ ಹೊಡೆದ ಕೂಡಲೇ ಏಣಿ ಹೊತ್ತ ಗಾಡಿ ಬೀದಿಗೆ ನುಗ್ಗಬೇಕಾದರೆ ಬೇಕು. ಕಟ್ಟಡ 1929ರದು. ಹ್ಯಾನ್ಸ್ ಗೆರ್ಕೆ ಎಂಬ ವಾಸ್ತುಶಿಲ್ಪಿ ನಗರದ ಅಗ್ನಿಶಾಮಕ ಇಲಾಖೆಗೆ ಕೇಂದ್ರ ಕಚೇರಿಯೆಂದು ವಿನ್ಯಾಸ ಮಾಡಿದ್ದು. ಆಗ ಡೆಟ್ರಾಯಿಟಿನಲ್ಲಿ ದುಡ್ಡು ಹೊಳೆಯಾಗಿ ಹರಿಯುತ್ತಿತ್ತು. ಫಿಶರ್ ಕಟ್ಟಡ, ಪೆನಾಬ್‌ಸ್ಕಾಟ್, ಗಾರ್ಡಿಯನ್ ಎಲ್ಲವೂ ವರ್ಷವೊಪ್ಪತ್ತಿನ ಅಂತರದಲ್ಲಿ ಎದ್ದು ನಿಂತವು. ಊರು ಶ್ರೀಮಂತವಾಗಿದ್ದಾಗ ಬೆಂಕಿ ಆರಿಸುವವರಿಗೂ ಅರಮನೆ ಸಿಕ್ಕಿತು.

ಹಳೆಯ ಫೈರ್ ಸ್ಟೇಶನ್ ಎಂದರೆ ಮಕ್ಕಳಿಗೆಲ್ಲ ನೆನಪಾಗುವುದು ಜಾರುಗಂಬ. ಅದು ಹುಟ್ಟಿದ್ದು 1878ರಲ್ಲಿ, ಚಿಕಾಗೋದ 21ನೇ ಕಂಪನಿಯಲ್ಲಿ. ಕರಿಯ ಸಿಬ್ಬಂದಿಯ ಆ ಠಾಣೆಯ ಕ್ಯಾಪ್ಟನ್ ಡೇವಿಡ್ ಕೆನ್ಯನ್. ಕೆಳಗೆ ಕುದುರೆ, ಮೇಲೆ ಹುಲ್ಲಿನ ಅಟ್ಟ. ಹುಲ್ಲು ಸಾಗಿಸಲು ಇಟ್ಟಿದ್ದ ಕಂಬವನ್ನು ಹಿಡಿದು ಒಬ್ಬ ಜಾರಿ ಇಳಿದದ್ದನ್ನು ಕಂಡು, ಮೆಟ್ಟಿಲಿಗಿಂತ ಇದೇ ಬೇಗ ಎಂದು ಕೆನ್ಯನ್ ಮಹಡಿಗೆ ತೂತು ಕೊರೆಸಿ ಕಂಬ ನೆಡಿಸಿದ. ಲಾರ್ನೆಡ್ ಬೀದಿಯ ಕಟ್ಟಡ ಏಳುವ ಹೊತ್ತಿಗೆ ಡೆಟ್ರಾಯಿಟಿನಲ್ಲಿ ಕುದುರೆಗಳ ಕಾಲ ಮುಗಿದಿತ್ತು. 1922ರ ಏಪ್ರಿಲ್ 10ರಂದು ಇಲಾಖೆಯ ಕೊನೆಯ ಕುದುರೆಗಳು ವುಡ್‌ವರ್ಡ್ ಅವೆನ್ಯೂನಲ್ಲಿ ಕಡೆಯ ಓಟ ಓಡಿದವು. ನೋಡಲು ಸುಮಾರು 50,000 ಜನ ಸೇರಿದ್ದರಂತೆ. ಕುದುರೆಯ ಕೆಲಸ ಕಿತ್ತುಕೊಂಡ ಮೋಟಾರು ತಯಾರಿಸುತ್ತಿದ್ದವರೇ ಬೀದಿಬದಿ ನಿಂತು ಕುದುರೆಗೆ ಕೈಬೀಸಿ ಕಳಿಸಿಕೊಟ್ಟರು.

ಈ ಊರಿಗೂ ಬೆಂಕಿಗೂ ಹಳೆಯ ನಂಟು. 1805ರ ಜೂನ್ 11ರಂದು ಡೆಟ್ರಾಯಿಟ್ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಆಗ ಇಲ್ಲಿದ್ದ ಪಾದ್ರಿ ಗೇಬ್ರಿಯಲ್ ರಿಚರ್ಡ್ ಲ್ಯಾಟಿನ್ನಿನಲ್ಲಿ ಆಡಿದ ಮಾತೇ ನಗರದ ಧ್ಯೇಯವಾಕ್ಯವಾಯಿತು: ಒಳ್ಳೆಯದನ್ನು ಹಾರೈಸುತ್ತೇವೆ, ಬೂದಿಯಿಂದ ಇದು ಮತ್ತೆ ಏಳುತ್ತದೆ ಎಂದು ಅದರ ತಾತ್ಪರ್ಯ. ಪುರಸಭೆಗಳ ಧ್ಯೇಯವಾಕ್ಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಡೆಟ್ರಾಯಿಟ್ ಮಾತ್ರ ಅದನ್ನು ಪದೇ ಪದೇ ಪರೀಕ್ಷೆಗೆ ಒಡ್ಡಿತು. 1950ರಲ್ಲಿ ಸುಮಾರು 18.5 ಲಕ್ಷವಿದ್ದ ಜನಸಂಖ್ಯೆ 2020ರ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಬಂತು. ಬಿಟ್ಟುಹೋದ ಮನೆಗಳು ಸಾವಿರಗಟ್ಟಲೆ ಖಾಲಿ ನಿಂತವು; ಖಾಲಿ ಮನೆಗೆ ಕಡ್ಡಿ ಗೀರುವವರಿಗೆ ಬರವಿರಲಿಲ್ಲ. 1984ರ ಅಕ್ಟೋಬರ್ ಕೊನೆಯ ಮೂರು ದಿನಗಳಲ್ಲಿ, ‘ಡೆವಿಲ್ಸ್ ನೈಟ್’ ಎಂಬ ಪುಂಡಾಟದ ಹೆಸರಿನಲ್ಲಿ, ಇಲ್ಲಿ 800ಕ್ಕೂ ಹೆಚ್ಚು ಬೆಂಕಿಗಳು ಎದ್ದವು. ಆ ರಾತ್ರಿಗಳಲ್ಲಿ ಬೀದಿಗೆ ಇಳಿದ ಇಲಾಖೆಗೆಲ್ಲ ಹಿರೀಮನೆ ಈ ಕೆಂಪು ಬಾಗಿಲಿನದೇ.

2013ರ ಜುಲೈ 18ರಂದು ನಗರವೇ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಅಗ್ನಿಶಾಮಕ ಕೇಂದ್ರ ಕಚೇರಿ ಲಾರ್ನೆಡ್ ಬೀದಿಯಿಂದ ಗಂಟುಮೂಟೆ ಕಟ್ಟಿ ಥರ್ಡ್ ಸ್ಟ್ರೀಟಿನ ಹೊಸ ಜಾಗಕ್ಕೆ ಹೋಯಿತು. ಪೊಲೀಸರೂ ಅವರೂ ಒಂದೇ ಸೂರಿನಡಿ. ಆ ಹೊಸ ಜಾಗ ಅದಕ್ಕೆ ಮೊದಲು ಏನಾಗಿತ್ತು ಗೊತ್ತೇ? ಎಂಜಿಎಂ ಗ್ರ್ಯಾಂಡ್ ಕಂಪನಿಯವರ ತಾತ್ಕಾಲಿಕ ಕ್ಯಾಸಿನೊ. ಜೂಜುಕಟ್ಟೆಗೆ ಫೈರ್ ಕಚೇರಿ ಬಂತು, ಫೈರ್ ಕಚೇರಿಗೆ ಹೋಟೆಲ್ ಬಂತು. ಯಾವ ಕಟ್ಟಡದ ಹಣೆಯಲ್ಲಿ ಏನು ಬರೆದಿದೆಯೋ ಯಾರು ಬಲ್ಲರು!

ಇಲಾಖೆಯ ಬಡತನ ಎಷ್ಟಿತ್ತೆಂದರೆ 2014ರಲ್ಲಿ ಒಂದು ಸುದ್ದಿ ದೇಶವೆಲ್ಲ ಓಡಾಡಿತು. ಠಾಣೆಗಳಿಗೆ ಬೆಂಕಿಯ ಕರೆ ಫ್ಯಾಕ್ಸ್ ಕಾಗದವಾಗಿ ಬರುತ್ತಿತ್ತು. ರಾತ್ರಿ ಕಾಗದ ಬಂದದ್ದು ಮಲಗಿದವರಿಗೆ ತಿಳಿಯುವುದು ಹೇಗೆ? ಒಂದು ಠಾಣೆಯವರು ಖಾಲಿ ಸೋಡಾ ಡಬ್ಬಿಗೆ ಚಿಲ್ಲರೆ ಕಾಸು, ಸ್ಕ್ರೂ ತುಂಬಿ ಯಂತ್ರದ ಅಂಚಿಗಿಟ್ಟಿದ್ದರು. ಕಾಗದ ಹೊರಬರುವಾಗ ಡಬ್ಬಿಗೆ ತಗುಲಿ ಅದು ನೆಲಕ್ಕೆ ಬೀಳಬೇಕು, ಆ ಸದ್ದಿಗೆ ಇವರು ಏಳಬೇಕು. ಇದನ್ನು ಹೇಳಿದಾಗ ಚಿಕ್ಕಪ್ಪ ನಗಲಿಲ್ಲ. ‘ಒಳ್ಳೇ ಬುದ್ಧಿ,’ ಎಂದರು. ಹಾಸನದಲ್ಲಿ ಅವರ ಗಮ್‌ಬೂಟು ಮಂಚದ ಪಕ್ಕ, ಎಡಗಾಲಿನದು ಎಡಕ್ಕೆ, ಬಲಗಾಲಿನದು ಬಲಕ್ಕೆ ನಿಂತಿರುತ್ತಿತ್ತಂತೆ. ಕತ್ತಲಲ್ಲಿ ಕಾಲು ತಡಕಾಡಬಾರದು. ವಾಚ್ ರೂಮಿನ ಫೋನು ಬಡಿದುಕೊಂಡರೆ ಕನಸು ಎಲ್ಲಿಗೆ ಬಂದಿರುತ್ತದೋ ಅಲ್ಲಿಗೇ ಬಿಟ್ಟು ಏಳಬೇಕು.

ಅಂಥ ಮನೆ 2017ರ ಮೇ ತಿಂಗಳಿಂದ 100 ಕೋಣೆಗಳ ಬೂಟೀಕ್ ಹೋಟೆಲಾಗಿದೆ. ಮಾಡಿದವರ ಜಾಣತನ ಇಷ್ಟು: ಕಟ್ಟಡ ಏನನ್ನು ಸಲೀಸಾಗಿ ಕೊಡುತ್ತದೋ ಅದನ್ನೇ ಕೇಳಿದರು. ಕೇಂದ್ರ ಕಚೇರಿಯಾದ್ದರಿಂದ ಮೇಲಿನ ಮಹಡಿಗಳ ತುಂಬ ಕೋಣೆಗಳಿಗೆ ಒಗ್ಗುವ ಜಾಗ, ಸಾಲು ಕಿಟಕಿ. ಗಾಡಿ ನಿಲ್ಲುತ್ತಿದ್ದ ನೆಲಮಹಡಿಗೆ ಭಾರಿ ಎತ್ತರ. ಅದು ಊಟದ ಮನೆ. ಹೆಸರೂ ‘ಅಪರೇಟಸ್ ರೂಮ್’. ಇಲ್ಲಿನ ಫೈರ್‌ಮನ್‌ಗಳು ಗಾಡಿ ನಿಲ್ಲಿಸುವ ಜಾಗಕ್ಕೆ ಕರೆಯುವ ಹೆಸರೇ ಅದು. ಪಕ್ಕದ ಹಳೆಯ ಪಾಂಚರ್‌ಟ್ರೇನ್ ವೈನ್ ಸೆಲರ್ಸ್ ಕಟ್ಟಡವನ್ನೂ ಸೇರಿಸಿಕೊಂಡರು. ಅಮೆರಿಕದಲ್ಲಿ ಒಂದು ಕಾಲಕ್ಕೆ ಮದುವೆಮನೆಗಳಲ್ಲೆಲ್ಲ ಕಾಣುತ್ತಿದ್ದ ‘ಕೋಲ್ಡ್ ಡಕ್’ ಎಂಬ ಬೆರಕೆ ವೈನನ್ನು 1937ರಲ್ಲಿ ಮೊದಲು ಕಲಸಿದ್ದು ಆ ಪಾಂಚರ್‌ಟ್ರೇನಿನವರೇ. ಬೆಂಕಿ ಆರಿಸುವವರೂ ದಾಹ ಆರಿಸುವವರೂ ಅಂತೂ ಒಂದೇ ಲೆಕ್ಕದ ಪುಸ್ತಕಕ್ಕೆ ಬಂದರು.

ಇದನ್ನೆಲ್ಲ ಬರಿಯ ಇತಿಹಾಸಪ್ರೇಮದಿಂದ ಮಾಡುತ್ತಾರೆ ಎಂದುಕೊಳ್ಳಬೇಡಿ. ರಾಷ್ಟ್ರೀಯ ಪಟ್ಟಿಯಲ್ಲಿರುವ ಐತಿಹಾಸಿಕ ಕಟ್ಟಡವನ್ನು ಚಹರೆ ಕೆಡದಂತೆ ದುರಸ್ತಿ ಮಾಡಿ ವ್ಯಾಪಾರಕ್ಕೆ ಬಳಸಿದರೆ, ಆದ ಖರ್ಚಿನ ನೂರಕ್ಕೆ 20ರಷ್ಟು ತೆರಿಗೆ ರಿಯಾಯಿತಿಯನ್ನು ಅಮೆರಿಕದ ಕೇಂದ್ರ ಸರ್ಕಾರ ಕೊಡುತ್ತದೆ. ಹಳೆಯ ಬಾಗಿಲು ಉಳಿಸಿದರೆ ಕಾಸೂ ಉಳಿಯುತ್ತದೆ. ಪ್ರೀತಿಯಿಂದ ಉಳಿಯದ ಎಷ್ಟೋ ಗೋಡೆ ಲೆಕ್ಕಾಚಾರದಿಂದ ಉಳಿಯುತ್ತದೆ, ನನಗೇನೂ ತಕರಾರಿಲ್ಲ. ಉಳಿಸದೆ ಹೋದದ್ದರ ಪಟ್ಟಿ ಈ ಊರಲ್ಲಿ ಉದ್ದವಿದೆ. ಹಡ್ಸನ್ಸ್ ಎಂಬ ಮಹಾ ಮಳಿಗೆಯನ್ನು 1998ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಸ್ಟ್ಯಾಟ್ಲರ್ ಎಂಬ ನಿಜವಾದ ಹೋಟೆಲ್ 2005ರಲ್ಲಿ ನೆಲಸಮವಾಯಿತು.

ಒಳಗೆ ಹೋದೆವು. ನಾನು ಕಾಫಿಯ ದರ ನೋಡುತ್ತಿದ್ದೆ. ಚಿಕ್ಕಪ್ಪ ಚಾವಣಿಯ ಸ್ಪ್ರಿಂಕ್ಲರ್ ಎಣಿಸುತ್ತಿದ್ದರು. ಹೊರಹೋಗುವ ದಾರಿ ಎತ್ತ, ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಬೀದಿಯಿಂದ ಹೋಸ್ ಜೋಡಿಸಲು ಬಾಯಿ ಎಲ್ಲಿಟ್ಟಿದ್ದಾರೆ, ಎಲ್ಲ ವಿಚಾರಣೆಯಾಯಿತು. ಬಂದು ನಿಂತ ಹುಡುಗಿ ‘ಏನು ಕೊಡಲಿ?’ ಎಂದಾಗ, ‘ಇಲ್ಲಿಗೆ ಹತ್ತಿರದ ಸ್ಟೇಶನ್ ಯಾವುದು ಕೇಳೋ,’ ಎಂದರು ನನಗೆ. ಕೇಳಿದೆ. ‘ಇದೇ!’ ಎಂದಳು ಆಕೆ ನಗುತ್ತ. ‘ಇದು ಹೋಟೆಲ್ಲು ಕಣಮ್ಮ, ಸ್ಟೇಶನ್ ಹೇಳು,’ ಎಂದು ಚಿಕ್ಕಪ್ಪ ಕನ್ನಡದಲ್ಲೇ ಪಟ್ಟು ಹಿಡಿದರು. ನಾನು ಅನುವಾದಿಸಲಿಲ್ಲ.

ಅವರ ಪ್ರಶ್ನೆ ಅಧಿಕಪ್ರಸಂಗವಾಗಿರಲಿಲ್ಲ ಎಂದು ತೋರಿಸಿದ್ದು ಲಂಡನ್. ಅಲ್ಲಿನ ಮೆರಿಲ್‌ಬೋನಿನಲ್ಲಿ 1889ರ ಫೈರ್ ಸ್ಟೇಶನ್ನೊಂದು 2005ರಲ್ಲಿ ಮುಚ್ಚಿ, ಆಮೇಲೆ ಚಿಲ್ಟರ್ನ್ ಫೈರ್‌ಹೌಸ್ ಎಂಬ ಭಾರಿ ಹೆಸರಿನ ಹೋಟೆಲಾಯಿತು. ಸಿನಿಮಾ ತಾರೆಯರ ಠಿಕಾಣಿ. 2025ರ ಫೆಬ್ರುವರಿ 14ರಂದು ಅದಕ್ಕೇ ಬೆಂಕಿ ಬಿತ್ತು. ಆರಿಸಲು 20 ಫೈರ್ ಇಂಜಿನ್, ಸುಮಾರು 125 ಮಂದಿ ಬೇಕಾದರು. ಎಲ್ಲರೂ ಬೇರೆ ಠಾಣೆಗಳಿಂದ ಬಂದವರು. ಫೋನಿನಲ್ಲಿ ಈ ಸುದ್ದಿ ಹೇಳಿದಾಗ ಚಿಕ್ಕಪ್ಪ ಕೇಳಿದ್ದು ಒಂದೇ: ‘ಜನಕ್ಕೇನೂ ಆಗಲಿಲ್ಲ ತಾನೆ?’ ಆಗಲಿಲ್ಲ ಎಂದೆ. ‘ಸರಿ ಹಾಗಾದ್ರೆ,’ ಎಂದು ಊರ ಮಳೆಯ ಮಾತಿಗೆ ಹೊರಳಿದರು.

ಹಳೆಯ ಠಾಣೆ ಹೋಟೆಲಾಗುವುದು ಸರಿಯೋ ತಪ್ಪೋ ಎಂದರೆ ನನ್ನ ಮತ ಸರಿಯ ಕಡೆಗೇ. ಪಾರ್ಕಿಂಗ್ ಲಾಟ್ ಆಗುವುದಕ್ಕಿಂತ ಸಾವಿರ ಪಾಲು ವಾಸಿ. ಆದರೆ ಕೆಂಪು ಬಾಗಿಲಿಗೆ ಬಣ್ಣ ಹೊಡೆಸಿದ ಮಾತ್ರಕ್ಕೆ ಅದರ ಹಿಂದೆ ಕೂತಿದ್ದವರ ಋಣ ತೀರಿತು ಎಂದು ಊರು ತಿಳಿಯಬಾರದು. ಕಟ್ಟಡಕ್ಕೆ ಹೊಸ ಕಸುಬು ಸಿಗುವುದು ಒಳ್ಳೆಯದು. ಹಳೆಯ ಕಸುಬಿನವರಿಗೆ ಹೊಸ ಕಟ್ಟಡ, ಸರಿಯಾದ ಗಂಟೆ, ಹೊತ್ತಿಗೆ ಸಂಬಳ ಸಿಗುವುದು ಅದಕ್ಕಿಂತ ಮೊದಲಾಗಬೇಕು.

ಡೆಟ್ರಾಯಿಟಿಗೆ ಬಂದರೆ ಲಾರ್ನೆಡ್ ಬೀದಿಗೆ ಹೋಗಿ. ಉಳಿದುಕೊಳ್ಳದಿದ್ದರೂ ಪರವಾಗಿಲ್ಲ, ಒಂದು ಕಾಫಿ ಕುಡಿಯಿರಿ, ದರವನ್ನು ಮಾತ್ರ ರೂಪಾಯಿಗೆ ಪರಿವರ್ತಿಸಬೇಡಿ. ವಾಪಸು ಬರುವಾಗ ಹಿಂದೆ ಸೈರನ್ ಕೇಳಿಸಿದರೆ ಗಾಡಿಯನ್ನು ಬಲಕ್ಕೆ ಸರಿಸಿ ನಿಲ್ಲಿಸಿ, ದಾರಿ ಬಿಡಿ. ಮಿಶಿಗನ್ನಿನಲ್ಲಿ ಅದು ಕಾನೂನು. ಹಾಸನದಲ್ಲಾದರೆ ಎಡಕ್ಕೆ ಸರಿಸಿ, ದಾರಿ ಮಾತ್ರ ಅಲ್ಲೂ ಬಿಡಿ.