ಇವತ್ತು ಬರಕ್ಕಾಗಲ್ಲ

ಬರುತ್ತೇನೆ ಎಂದವರು ಬಾರದೆ ಹೋಗಲು ನಮ್ಮ ಗಡಿ ಸೀಮೆಯಲ್ಲಿ ನೂರು ಕಾರಣ. ಹರದನಹಳ್ಳಿ ಕಡೆಯಿಂದ ಸತ್ಯಮಂಗಲದ ದಾರಿ ಹಿಡಿದರೆ ಪುಣಜನೂರಿನ ಚೆಕ್‌ಪೋಸ್ಟ್, ಅದರಾಚೆ ತಮಿಳುನಾಡಿನ ಕಾಡು, ಹಾಸನೂರು, ಆಮೇಲೆ 27 ತಿರುವುಗಳ ದಿಂಬಂ ಘಾಟಿ. ಯಾವುದಾದರೊಂದು ತಿರುವಿನಲ್ಲಿ ಲಾರಿ ಸಿಕ್ಕಿಕೊಂಡರೆ ಕೆಳಗಿನಿಂದ ಹೊರಟ ಬಸ್ಸು ಎಷ್ಟು ಹೊತ್ತಿಗೆ ಬಂದೀತೆಂದು ಕಂಡಕ್ಟರೂ ಹೇಳಲಾರ. ಕಾರಪಳ್ಳಂ ಬಳಿ ಕಬ್ಬಿನ ಲಾರಿಗೆ ಕಾದು ಆನೆ ರಸ್ತೆಗಿಳಿದರೂ ಕತೆ ಅದೇ. ಗುಂಡ್ಲುಪೇಟೆ ಕಡೆಯವರಿಗೆ ಬಂಡೀಪುರ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ವಾಹನಗಳಿಗೆ ತಡೆ ಇದೆ. ಊಟಿ ರಸ್ತೆಗೆ ಮೇಲುಕಾಮನಹಳ್ಳಿಯಲ್ಲಿ, ವಯನಾಡಿನ ರಸ್ತೆಗೆ ಮದ್ದೂರಿನಲ್ಲಿ ಗೇಟು ಬಿದ್ದಮೇಲೆ ಆಂಬುಲೆನ್ಸು, ಬೆರಳೆಣಿಕೆಯ ಸರ್ಕಾರಿ ಬಸ್ಸು ಬಿಟ್ಟರೆ ಮಿಕ್ಕವರು ಇದ್ದಲ್ಲೇ ಇರಬೇಕು.

ಇದರ ಮೇಲೆ ಕಾವೇರಿ ನೀರಿನ ಜಗಳ ಇದೆ. 2016ರ ಸೆಪ್ಟೆಂಬರಿನಲ್ಲಿ ಎರಡು ರಾಜ್ಯಗಳ ನಡುವೆ ಬಸ್ಸು ನಿಂತಾಗ ಎಷ್ಟೋ ನಂಟರ ಮನೆಯ ಕಾರ್ಯಗಳು ಫೋನಿನಲ್ಲೇ ಮುಗಿದವು. 2020ರಲ್ಲಿ ಕೊರೊನಾ ಬಂದು ಗಡಿಯೇ ಮುಚ್ಚಿತು. ಇಲ್ಲಿ ಬೆಳೆದವರು ‘ಇವತ್ತು ಬರಕ್ಕಾಗಲ್ಲ’ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿದವರು. ಈರೋಡಿನ ಅರಿಸಿನ ವ್ಯಾಪಾರಿ ಬರಲಿಲ್ಲವೆಂದು, ಬಾಳೆ ಕಡಿಯುವ ಆಳುಗಳು ಬರಲಿಲ್ಲವೆಂದು, ಅತ್ತೆ ಮನೆಯವರು ಹಬ್ಬಕ್ಕೆ ಬರಲಿಲ್ಲವೆಂದು ಯಾರೂ ನೆಂಟಸ್ತಿಕೆ ಮುರಿದುಕೊಳ್ಳುವುದಿಲ್ಲ. ‘ಬುಡು, ನಾಳಕ ಬತ್ತರ’ ಎಂದು ಮುಂದಿನ ಕೆಲಸಕ್ಕೆ ಏಳುತ್ತಾರೆ.

ಇಷ್ಟು ಸಮಾಧಾನ ತಿಳಿದ ಮನೆಗಳ ಹುಡುಗ ಹುಡುಗಿಯರು, ಮೆಚ್ಚಿದವರು ಭೇಟಿಯನ್ನು ರದ್ದು ಮಾಡಿದಾಗ ಮಾತ್ರ ಕುಸಿದುಹೋಗುವುದನ್ನು ನೋಡುತ್ತಿದ್ದೇನೆ. ಹೊಸ ಅಂಗಿ ತೊಟ್ಟು ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಕಾದವನಿಗೆ ಒಂದು ಸಾಲಿನ ಮೆಸೇಜು ಬರುತ್ತದೆ. ಹಿಂದೆಯೇ ಅವನ ಕಡೆಯಿಂದ ಪ್ರಶ್ನೆಗಳ ಸುರಿಮಳೆ. ಯಾಕೆ, ಏನಾಯ್ತು, ಮೊದಲೇ ಹೇಳಬಾರದಿತ್ತಾ, ಬೇರೆ ಯಾರಾದರೂ ಇದ್ದಾರಾ. ಉತ್ತರ ಬಾರದಿದ್ದರೆ ಕರೆಯ ಮೇಲೆ ಕರೆ. ಸಂಜೆಯ ಹೊತ್ತಿಗೆ ಒಂದು ದಿನದ ಭೇಟಿ ತಪ್ಪಿದ್ದು ಹೋಗಿ ಒಂದು ಸಂಬಂಧವೇ ತಪ್ಪಿರುತ್ತದೆ. ಆ ಹೊತ್ತನ್ನು ದಾಟುವುದು ಹೇಗೆ ಎಂದು ನಮ್ಮ ಮನೆಗಳಲ್ಲಿ ಯಾರೂ ಮಕ್ಕಳೊಂದಿಗೆ ಕೂತು ಮಾತಾಡುವುದಿಲ್ಲ. ಅದಕ್ಕಾಗಿ ಇಲ್ಲಿ ಮಾತಾಡುತ್ತಿದ್ದೇನೆ.

ಮೊದಲು ನಮ್ಮ ಮಾತಿನ ಸ್ಥಿತಿ ನೋಡೋಣ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮದರಾಸಿನಿಂದ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಇವತ್ತು ಅದು ಈರೋಡ್ ಜಿಲ್ಲೆಯಲ್ಲಿದೆ. ಆದರೆ ಅಲ್ಲಿಯವರಿಗೆ ಘಾಟಿ ಇಳಿದು ಈರೋಡಿಗೆ ಹೋಗುವುದಕ್ಕಿಂತ ಚಾಮರಾಜನಗರಕ್ಕೆ ಬರುವುದು ಸುಲಭ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ತಮಿಳುನಾಡಿನ 2006ರ ಕಾಯ್ದೆಯ ನಂತರ ಶಾಲೆಯಲ್ಲಿ ತಮಿಳು ಕಲಿಯುವುದು ಕಡ್ಡಾಯವಾಗುತ್ತ ಬಂತು. ಹೀಗಾಗಿ ಅಲ್ಲಿಯ ಅನೇಕ ಹುಡುಗಿಯರು ನಮ್ಮಷ್ಟೇ ಚೆಂದ ಕನ್ನಡ ಆಡುತ್ತಾರೆ, ಬರೆಯುವಾಗ ತಮಿಳಿಗೆ ಹೋಗುತ್ತಾರೆ. ಇಲ್ಲಿಯ ಹುಡುಗನಿಗೆ ತಮಿಳು ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಇಬ್ಬರೂ ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪು ಮಾಡಿಕೊಳ್ಳುತ್ತಾರೆ. ಹಾಗೆ ಬರೆದಾಗ ಮಾತು ಮೊಟಕಾಗುತ್ತದೆ. ದನಿಯಲ್ಲಿದ್ದ ಅಳುಕು, ಅಕ್ಕರೆ, ನಾಚಿಕೆ ಯಾವುದೂ ಅದರಲ್ಲಿ ಉಳಿಯುವುದಿಲ್ಲ.

ಸತ್ಯಮಂಗಲದ ಕಡೆಯ ಕೊಂಗು ತಮಿಳಿನವರು ಮಾತು ಮಾತಿಗೂ ‘ಂಗ’ ಸೇರಿಸಿ ಮರ್ಯಾದೆ ಕೊಡುತ್ತಾರೆ. ‘ವರ ಮುಡಿಯಲೀಂಗ’ ಎಂದು ಬಾಯಲ್ಲಿ ಹೇಳಿದರೆ ಕೇಳಿದವರಿಗೆ ಮುನಿಸೇ ಬಾರದು. ನಮ್ಮ ಚಾಮರಾಜನಗರದ ಆಡುಮಾತು ನೇರ, ‘ಬತ್ತಿಯೋ ಇಲ್ವೋ’ ಎನ್ನುವುದರಲ್ಲಿ ನಮಗೆ ಸಿಟ್ಟು ಕಾಣುವುದಿಲ್ಲ. ಆ ಕಿವಿಗೆ ಅದು ಗದರಿಕೆ. ಒಬ್ಬರದು ಸೌಜನ್ಯದ ದೂರ ಎನಿಸಿದರೆ, ಇನ್ನೊಬ್ಬರದು ಒರಟು ಸಲಿಗೆ ಎನಿಸುತ್ತದೆ. ಆದುದರಿಂದ ಗಡಿಯಲ್ಲಿ ಪ್ರೀತಿಸುವವರಿಗೆ ಒಂದು ಮಾತು: ಮೆಸೇಜಿನ ಒಂದು ಸಾಲು ಓದಿ ಮನುಷ್ಯರನ್ನು ಅಳೆಯಬೇಡಿ. ತೀರ ಕಳವಳವಾದರೆ ಮಾರನೆಯ ದಿನ, ಅವರಿಗೆ ಹೊಂದುವ ಹೊತ್ತಿನಲ್ಲಿ ಒಂದು ಸಲ ದನಿ ಕೇಳಿ.

ಆ ಕ್ಷಣದ ಉತ್ತರ ಚಿಕ್ಕದಿರಲಿ. ‘ಸರಿ, ತೊಂದ್ರೆ ಇಲ್ಲ. ಹುಷಾರಾಗಿರು. ಇನ್ನೊಂದ್ ದಿನ ಆದಾಗ ಹೇಳು.’ ಇಷ್ಟು ಸಾಕು, ಕಾರಣ ಕೇಳಬೇಡಿ. ತಮಿಳಿನಲ್ಲಾದರೆ ‘ಸರೀಂಗ, ಪರವಾಯಿಲ್ಲೀಂಗ’. ಬೇಸರವಾಗಿದ್ದರೆ ಅದನ್ನೂ ಹೇಳಬಹುದು, ಹೇಳಲೇಬೇಕು: ‘ನಿನ್ನ ನೋಡ್ಬೇಕು ಅಂತ ಆಸೆ ಇತ್ತು, ಇರಲಿ.’ ಇದರಲ್ಲಿ ಬೇಸರವಿದೆ, ಆರೋಪವಿಲ್ಲ. ನೊಂದುಕೊಂಡು ಮೌನವಾಗಿ ಶಿಕ್ಷೆ ಕೊಡುವುದು, ಸ್ಟೇಟಸ್ಸಿನಲ್ಲಿ ಚುಚ್ಚು ಮಾತು ಹಾಕುವುದು, ಗೆಳೆಯರಿಂದ ಫೋನು ಮಾಡಿಸುವುದು ಯಾವುದೂ ಸಮಾಧಾನವಲ್ಲ. ಸಿಟ್ಟು ಏರಿದ್ದರೆ ಫೋನು ಜೇಬಿಗಿಟ್ಟು ನಡೆಯಿರಿ. ಹರದನಹಳ್ಳಿಯಲ್ಲಿ ದಿವ್ಯಲಿಂಗೇಶ್ವರ ದೇವಸ್ಥಾನದ ಕಲ್ಲಿನ ಜಗಲಿ ಇದೆ. ಪೇಟೆಯಲ್ಲಿದ್ದರೆ ಚಾಮರಾಜೇಶ್ವರನ ಗುಡಿಯ ಸುತ್ತು ಇದೆ. ಒಂದು ಗಂಟೆ ಕಳೆದ ಮೇಲೆ ಬರೆಯುವ ಮಾತು, ಒಂದು ನಿಮಿಷದಲ್ಲಿ ಬರೆದ ಮಾತಿನಂತೆ ಇರುವುದಿಲ್ಲ.

ಕಾರಣ ಕೇಳಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಬೇರೊಂದು ದೊಡ್ಡ ಕಾರಣವಿದೆ. ನಮ್ಮ ಸೀಮೆಯಲ್ಲಿ ಒಬ್ಬ ಹುಡುಗಿ ತಾನೊಬ್ಬಳೇ ಪೇಟೆಗೆ ಹೋಗಿ ಒಬ್ಬನನ್ನು ಭೇಟಿ ಮಾಡುವುದು ಚಿಕ್ಕ ಸಂಗತಿಯಲ್ಲ. ಬಸ್ಸಿನಲ್ಲಿ ಚಿಕ್ಕಪ್ಪನ ಗೆಳೆಯರು ಕೂತಿರುತ್ತಾರೆ. ಹೂವಿನ ಮಂಡಿಗೆ ಬಂದವರು ಊರಿನವರೇ ಆಗಿರುತ್ತಾರೆ. ಅಣ್ಣ ಕೇಳಿದಾಗ ಅವಳ ಫೋನು ಅವನ ಕೈಗೆ ಹೋಗುತ್ತದೆ. ಜಾತಿ ಬೇರೆಯಾಗಿದ್ದರಂತೂ ಪ್ರತಿ ಹೆಜ್ಜೆಗೂ ಭಯ. ‘ಇವತ್ತು ಬರಕ್ಕಾಗಲ್ಲ’ ಎಂದು ಅವಳು ಟೈಪು ಮಾಡುವಾಗ ಪಕ್ಕದಲ್ಲಿ ಯಾರು ಕೂತಿದ್ದರೋ ನಿಮಗೆ ಗೊತ್ತಿಲ್ಲ. ನೀವು ಸಾಲಾಗಿ ಕಳಿಸಿದ ಇಪ್ಪತ್ತು ಪ್ರಶ್ನೆಗಳು ಆ ಮನೆಯಲ್ಲಿ ಇಪ್ಪತ್ತು ಸಲ ಸದ್ದು ಮಾಡುತ್ತವೆ. ನಿಮ್ಮ ಆತಂಕ ತೀರಿಸಿಕೊಳ್ಳಲು ನೀವು ಮಾಡಿದ ಕರೆ ಅವಳಿಗೆ ಏಟು ತಂದೀತು. ಒಂದು ‘ಸರಿ’ ಎಂಬ ಉತ್ತರ ಅವಳನ್ನು ಕಾಯುತ್ತದೆ. ಕಾರಣ ಹೇಳುವಂತಿದ್ದರೆ ಅವಳೇ ಹೇಳುತ್ತಾಳೆ, ಹೇಳುವ ಹೊತ್ತನ್ನು ಅವಳೇ ಆರಿಸಿಕೊಳ್ಳಲಿ.

ಹುಡುಗಿಯೇ ಕಾದು ನಿಂತವಳಾಗಿ, ಹುಡುಗ ಬಾರದಿದ್ದಾಗ ಪೆಟ್ಟು ಇನ್ನೊಂದು ಬಗೆಯದು. ಇಷ್ಟೆಲ್ಲ ದಾಟಿ ಬಂದು ಬರಿಗೈಯಲ್ಲಿ ಹಿಂದಿರುಗುವಾಗ ತನ್ನ ಮೇಲೆಯೇ ಅವಳಿಗೆ ಜಿಗುಪ್ಸೆಯಾಗುತ್ತದೆ. ಆ ತಂಗಿಯರಿಗೆ ನಾನು ಹೇಳುವುದು ಇಷ್ಟೆ: ನೀನು ಮೋಸ ಹೋದವಳಲ್ಲ, ಮಾತಿಗೆ ನಿಂತವಳು. ಬಂದ ಪೇಟೆಯಲ್ಲಿ ನಿನಗಾಗಿ ಏನಾದರೊಂದು ಮಾಡಿಕೊಂಡು ಹೋಗು. ಒಂದು ಪುಸ್ತಕ ಕೊಳ್ಳು, ಗೆಳತಿಯನ್ನು ಕಂಡು ಕಾಫಿ ಕುಡಿ. ಆ ದಿನ ಅವನದಾಗಿರಲಿಲ್ಲ, ನಿನ್ನದಾಗಿತ್ತು.

ಮನೆಯವರೇ ಗೊತ್ತು ಮಾಡುವ ಭೇಟಿಗಳಲ್ಲೂ ಈ ನೋವಿದೆ. ಹೆಣ್ಣು ನೋಡಲು ಬರುತ್ತೇವೆಂದ ಗಂಡಿನ ಕಡೆಯವರು ಬಾರದಿದ್ದರೆ ಬೀದಿಗೆಲ್ಲ ತಿಳಿಯುತ್ತದೆ. ಉಪ್ಪಿಟ್ಟು, ಕೇಸರಿಬಾತು ಆಗಿರುತ್ತದೆ. ಹುಡುಗಿಗೆ ಮಲ್ಲಿಗೆ ಮುಡಿಸಿರುತ್ತಾರೆ. ಅಂಥ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಆಡಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: ‘ಬರ್ನಿಲ್ವಾ? ಬುಡಿ. ಮಾಡಿದ್ನ ನಾವೇ ಉಣ್ಣವ. ನಮ್ ಮಗೀಗ ಏನೂ ಕಮ್ಮಿ ಆಗ್ನಿಲ್ಲ.’ ಹೂವು ತೆಗೆಯಬೇಡ ಎಂದು ಹುಡುಗಿಗೆ ಹೇಳಿ, ಪಕ್ಕದ ಮನೆಯ ಮಕ್ಕಳನ್ನು ಕರೆದು ಕೇಸರಿಬಾತು ಹಂಚಿದರು. ಬಾರದವರನ್ನು ಬೈಯಲಿಲ್ಲ, ಹುಡುಗಿಯ ಜಾತಕವನ್ನು ತೆಗೆಯಲಿಲ್ಲ. ಮನೆಯ ಮಾನ ಬಂದವರ ಕೈಯಲ್ಲೂ ಇಲ್ಲ, ಬಾರದವರ ಕೈಯಲ್ಲೂ ಇಲ್ಲ ಎಂದು ಆ ಹುಡುಗಿಗೆ ಕಣ್ಣೆದುರೇ ತೋರಿಸಿಕೊಟ್ಟರು.

ಇದೇ ಪಾಠವನ್ನು ನಮ್ಮ ಜಿಲ್ಲೆ ದೊಡ್ಡದಾಗಿ ಕಲಿತಿದೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ದಶಕಗಳ ಕಾಲ ಈ ಊರಿಗೆ ಅಂಟಿಕೊಂಡಿತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಹೆಸರುಗಳ ಪಟ್ಟಿಯನ್ನೇ ಒಪ್ಪಿಸುತ್ತಿದ್ದರು. 1997ರಲ್ಲಿ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಆಮೇಲೂ ಕೆಲವರು ದೂರವೇ ಉಳಿದರು. 2007ರಲ್ಲಿ ಬಂದ ಕುಮಾರಸ್ವಾಮಿಯವರು ಕುರ್ಚಿ ಬಿಟ್ಟಾಗ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. 2013ರಿಂದ 2018ರ ಅವಧಿಯಲ್ಲಿ ಸಿದ್ದರಾಮಯ್ಯನವರು ಹಲವು ಸಲ ಬಂದು, ಐದು ವರ್ಷ ಪೂರೈಸಿದ ಮೇಲೆ ಅದರ ಬಲ ಕುಗ್ಗಿತು.

ತನ್ನದೇ ನಾಡಿನ ಮುಖ್ಯಸ್ಥರು ತನ್ನ ಹೊಸಿಲು ತುಳಿಯಲು ಅಂಜುತ್ತಾರೆಂಬುದು ಒಂದು ಊರಿಗೆ ಸಣ್ಣ ನೋವಲ್ಲ. ನಾವು ಅದನ್ನು ಉಂಡಿದ್ದೇವೆ. ಆದರೂ ಇಲ್ಲಿಯ ಜನ ತಮ್ಮ ಊರನ್ನು ಶಪಿತವೆಂದು ಒಪ್ಪಿಕೊಳ್ಳಲಿಲ್ಲ. ಅರಿಸಿನ ಬೆಳೆದರು, ರೇಷ್ಮೆ ಸಾಕಿದರು, ಆಷಾಢದಲ್ಲಿ ಚಾಮರಾಜೇಶ್ವರನ ತೇರು ಎಳೆದರು. ಆಸ್ಪತ್ರೆ, ನೀರು, ರಸ್ತೆ ಬೇಕೆಂದು ಕೇಳುತ್ತಲೇ ಬಂದರು. 2016ರಲ್ಲಿ ವೈದ್ಯಕೀಯ ಕಾಲೇಜೂ ಬಂತು. ಬಾರದವರ ಹೆದರಿಕೆ ಬಾರದವರ ಮನಸ್ಸಿನಲ್ಲಿತ್ತು, ಊರಿನ ಮಣ್ಣಿನಲ್ಲಿ ಇರಲಿಲ್ಲ. ಯಾರೋ ಭೇಟಿಗೆ ಬರಲಿಲ್ಲವೆಂದು ಕನ್ನಡಿಯ ಮುಂದೆ ನಿಂತು ತಮ್ಮ ಬಣ್ಣವನ್ನು, ತಮ್ಮ ಸಂಬಳವನ್ನು, ತಮ್ಮ ಭಾಷೆಯ ಉಚ್ಚಾರವನ್ನು ಹಳಿದುಕೊಳ್ಳುವ ಮಕ್ಕಳು ಇದನ್ನು ನೆನಪಿಡಬೇಕು. ಆ ಯಾರೋ ಬಾರದಿರುವುದಕ್ಕೆ ಕಾರಣ ಅವರ ಕಡೆ ಇರಬಹುದು. ಅದನ್ನು ನಿಮ್ಮ ಬೆಲೆಯ ಮೇಲೆ ಬರೆದುಕೊಳ್ಳಬೇಡಿ.

ಸಮಾಧಾನಕ್ಕೂ ಒಂದು ಗಡಿ ಇದೆ. ಬರಲಾಗದವರು ಮನಸ್ಸಿದ್ದರೆ ಇನ್ನೊಂದು ದಿನ ಹೇಳುತ್ತಾರೆ. ‘ಶನಿವಾರ ಆಗ್ನಿಲ್ಲ, ಬುಧವಾರ ಆಯ್ತದಾ’ ಎನ್ನುತ್ತಾರೆ. ಮತ್ತೆ ಮತ್ತೆ ತಪ್ಪಿಸಿ, ಮುಂದಿನ ದಿನದ ಮಾತೇ ಎತ್ತದವರು ಬಾಯಿ ಬಿಟ್ಟು ಹೇಳದೆಯೂ ಒಂದು ಉತ್ತರ ಕೊಟ್ಟಿರುತ್ತಾರೆ. ಆಗ ಒಂದು ಸಲ ಕೇಳುವುದು ನ್ಯಾಯ: ‘ನಿಂಗೆ ಇಷ್ಟ ಇಲ್ಲ ಅಂದ್ರೆ ಹೇಳು, ನಾನು ಬೇಜಾರ್ ಮಾಡ್ಕೊಂಡ್ರೂ ತೊಂದ್ರೆ ಕೊಡಲ್ಲ.’ ಇಲ್ಲ ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಬೇಕು. ಅವಳ ಊರಿನ ಬಸ್ ಸ್ಟಾಪಿನಲ್ಲಿ ಹೋಗಿ ನಿಲ್ಲಬಾರದು, ಅವಳ ಕಾಲೇಜಿನ ದಾರಿ ಕಾಯಬಾರದು. ಅದು ಪ್ರೀತಿಯಲ್ಲ, ಹಿಂಬಾಲಿಸುವುದು. ಕಾನೂನಿನಲ್ಲೂ ಅದು ಅಪರಾಧ.

ರದ್ದು ಮಾಡುವವರಿಗೂ ಕರ್ತವ್ಯವಿದೆ. ಗಡಿಯ ದಾರಿ ಉದ್ದ. ಸತ್ಯಮಂಗಲದಿಂದಲೋ ವಯನಾಡಿನ ಬತ್ತೇರಿಯಿಂದಲೋ ಒಬ್ಬರು ಹೊರಡಬೇಕಾದರೆ ಅರ್ಧ ದಿನದ ಕೂಲಿ ಬಿಡುತ್ತಾರೆ. ಆಗುವುದಿಲ್ಲವೆಂದು ತಿಳಿದ ಕೂಡಲೇ ಹೇಳಿಬಿಡಿ. ಬಸ್ಸು ಹತ್ತಿದ ಮೇಲೆ ಹೇಳಬೇಡಿ. ಇಲ್ಲದ ಆನೆಯನ್ನು ರಸ್ತೆಗೆ ತರಬೇಡಿ, ಆಗದ ಟ್ರಾಫಿಕ್ ಜಾಮನ್ನು ದಿಂಬಂ ಮೇಲೆ ಹೊರಿಸಬೇಡಿ. ಕಾಡಿನ ದಾರಿಯಲ್ಲಿ ಇಂಥ ನೆಪ ಸುಲಭವಾಗಿ ಸಿಗುತ್ತದೆ, ಸುಲಭವಾಗಿ ಬಯಲಾಗುತ್ತದೆ ಕೂಡ. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ ‘ಕಾರಣ ಆಮೇಲೆ ಹೇಳ್ತೀನಿ’ ಎಂದರೂ ಸಾಕು.

ನೆಪ ಹುಟ್ಟುವುದಾದರೂ ಯಾಕೆ? ನಿಜ ಹೇಳಿದರೆ ಎದುರಿನವರು ಸಿಡಿದಾರೆಂಬ ಅಂಜಿಕೆಯಿಂದ. ಒಂದು ಸಲ ಸಿಟ್ಟು ತೋರಿದವರಿಗೆ ಮುಂದಿನ ಸಲ ಸುಳ್ಳೇ ಸಿಗುತ್ತದೆ. ಒಂದು ಸಲ ‘ಸರಿ, ಹುಷಾರು’ ಎಂದವರಿಗೆ ಮುಂದಿನ ಸಲ ನಿಜ ಸಿಗುತ್ತದೆ. ಎರಡು ಭಾಷೆಯ ನಡುವೆ ಸಂಸಾರ ಕಟ್ಟಬೇಕೆನ್ನುವವರಿಗೆ ಆ ನಿಜದಷ್ಟು ಬೇಕಾದದ್ದು ಬೇರೊಂದಿಲ್ಲ, ಏಕೆಂದರೆ ಅರ್ಧ ತಿಳಿದ ಮಾತಿನ ಮರೆಯಲ್ಲಿ ಏನನ್ನಾದರೂ ಬಚ್ಚಿಡಬಹುದು. ಮದುವೆಯಾದ ಮೇಲೂ ಬರಲಾಗದ ಹಬ್ಬ, ಕೊಡಲಾಗದ ಹಣ, ಒಪ್ಪಲಾಗದ ಮಾತು ಬರುತ್ತಲೇ ಇರುತ್ತವೆ. ‘ಆಗಲ್ಲ’ ಎಂದು ಅಂಜದೆ ಹೇಳಬಹುದಾದ ಮನುಷ್ಯ ಸಿಕ್ಕರೆ ಆ ಸಂಬಂಧ ಬಾಳುತ್ತದೆ. ಯಾರದೋ ಬಾಳಿನಲ್ಲಿ ಅಂಥ ಮನುಷ್ಯನಾಗುವ ಅವಕಾಶ, ತಪ್ಪಿದ ಮೊದಲ ಭೇಟಿಯ ದಿನವೇ ನಿಮಗೆ ಸಿಗುತ್ತದೆ. ಅದನ್ನು ಕಳೆದುಕೊಳ್ಳಬೇಡಿ.