ಅರ್ಧ ಮಿಲಿಮೀಟರಿನ ಮಾತು

ಸುರಪುರದಲ್ಲಿರುವ ನನ್ನ ಆಪಾಗೆ ತಿಂಗಳುಗಟ್ಟಲೆ ತಲೆನೋವು. ಬಗ್ಗಿ ಎದ್ದರೆ ಕ್ಷಣಕಾಲ ಕಣ್ಣಿಗೆ ಕತ್ತಲು. ಶಹಾಪುರದಲ್ಲಿ ಕನ್ನಡಕ ಬದಲಿಸಿದರು, ಯಾದಗಿರಿಯಲ್ಲಿ ಮಾತ್ರೆ ಕೊಟ್ಟರು. ಕೊನೆಗೆ ಕಲಬುರಗಿಯ ಕಣ್ಣಿನ ವೈದ್ಯೆಯೊಬ್ಬರು ಪರೀಕ್ಷಿಸಿ, ಕಣ್ಣಿನ ನರದ ತುದಿ ಊದಿಕೊಂಡಿದೆ, ಎಂ.ಆರ್.ಐ. ಮಾಡಿಸಿ ಎಂದರು. ಪುಣ್ಯಕ್ಕೆ ಗಡ್ಡೆ ಇರಲಿಲ್ಲ. ಆದರೆ ತಲೆಬುರುಡೆಯೊಳಗಿನ ಒತ್ತಡ ಏರಿದೆ, ಅಲಕ್ಷಿಸಿದರೆ ದೃಷ್ಟಿಯೇ ಹೋದೀತು ಎಂದು ಔಷಧ ಆರಂಭಿಸಿದರು. ವರದಿಯಲ್ಲಿ ನರದ ಕವಚದ ಅಗಲ 5.4 ಮಿ.ಮೀ. ಎಂದಿತ್ತು.

ಎರಡು ತಿಂಗಳ ಬಳಿಕ ಬೇರೆ ಊರಿನಲ್ಲಿ ಮತ್ತೊಂದು ಸ್ಕ್ಯಾನ್. ಈ ಸಲ 5.9. ತಲೆನೋವು ಇಳಿದಿದೆ, ಅಂಕಿ ಏರಿದೆ! ಆಪರೇಶನ್ನೇ ಆಗಬೇಕೇನೋ ಎಂದು ಭಾವ ಹೊಲ ಮಾರುವ ಮಾತೆತ್ತಿದರು.

ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ವೈದ್ಯೆ ಹೇಳಿದರು: "ಅಂಕಿ ಬ್ಯಾರೆ ಬಂದದ, ರೋಗ ಹೆಚ್ಚಾಗಿಲ್ರಿ. ಒಂದೇ ತಕ್ಕಡ್ಯಾಗ ತೂಗಿದ್ರ ತಾನೇ ತೊಗರಿ ಹೆಚ್ಚೋ ಕಮ್ಮಿಯೋ ತಿಳಿಯೋದು?"

ಕಣ್ಣಿನ ನರ ನಿಜಕ್ಕೂ ಮೆದುಳಿನದೇ ಚಾಚು. ಮೆದುಳನ್ನು ಸುತ್ತಿರುವ ಪೊರೆಯೇ ಅದನ್ನೂ ಸುತ್ತಿರುತ್ತದೆ. ಒಳಗೆ ಅದೇ ದ್ರವ. ತಲೆಯಲ್ಲಿ ಒತ್ತಡ ಏರಿದರೆ ಈ ಕವಚ ಉಬ್ಬುತ್ತದೆ. ಕಣ್ಣುಗುಡ್ಡೆಯಿಂದ 3 ಮಿ.ಮೀ. ಹಿಂದೆ ಅದನ್ನು ಅಳೆಯುವುದು ರೂಢಿ. ತುಸು ಹಿಂದೆ ಮುಂದೆ ಅಳೆದರೂ ಅಂಕಿ ಬದಲಾಗುತ್ತದೆ. ನರ ನೆಟ್ಟಗಿರುವುದಿಲ್ಲ, ಓರೆಯಾಗಿ ಕೊಯ್ದ ಸೌತೆಕಾಯಿ ಬಿಲ್ಲೆಯಂತೆ, ಓರೆಯಾಗಿ ತೆಗೆದ ಚಿತ್ರದಲ್ಲಿ ಅದು ಅಗಲವಾಗಿ ಕಾಣುತ್ತದೆ. ಸ್ಕ್ಯಾನಿನ ಪದರ ದಪ್ಪವಾದರೆ ಅಂಚು ಮಸುಕಾಗುತ್ತದೆ. ರೋಗಿ ಕಣ್ಣು ಕದಲಿಸಿದರೆ ನರವೂ ಕದಲುತ್ತದೆ. ಸುತ್ತಲಿನ ಕೊಬ್ಬಿನ ಹೊಳಪನ್ನು ತಗ್ಗಿಸದಿದ್ದರೆ ದ್ರವ ಎಲ್ಲಿ ಮುಗಿಯಿತು, ಕೊಬ್ಬು ಎಲ್ಲಿ ಶುರುವಾಯಿತು ಎಂಬುದೇ ತಿಳಿಯದು. ಚಿತ್ರದ ಒಂದೊಂದು ಚುಕ್ಕೆಯೇ ಅರ್ಧ ಮಿ.ಮೀ. ಇದ್ದರೆ, ಒಂದು ಚುಕ್ಕೆ ಆಚೀಚೆಯಾದರೆ ಸಾಕು.

ಆದ್ದರಿಂದಲೇ ಸಂಶೋಧಕರು ಒಂದೇ ಚಿತ್ರವನ್ನು ಇಬ್ಬರಿಂದ, ಒಬ್ಬರ ಅಂಕಿ ಇನ್ನೊಬ್ಬರಿಗೆ ತೋರಿಸದೆ, ಅಳೆಯಿಸುತ್ತಾರೆ. 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಮುಖ್ಯ ಸಂಗತಿಯನ್ನು ವಿವರಿಸಿದರು: ಎರಡು ಅಳತೆಗಳು ಒಟ್ಟಿಗೆ ಏರಿಳಿದರೆ ಸಾಲದು, ಅವುಗಳ ನಡುವಿನ ಅಂತರ ಎಷ್ಟೆಂದು ನೋಡಬೇಕು.

ವೈದ್ಯೆ ಎರಡೂ ಚಿತ್ರಗಳನ್ನು ಒಂದೇ ಜಾಗದಲ್ಲಿ ತಾವೇ ಅಳೆದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನರದ ತುದಿಯ ಊತವೂ ಇಳಿದಿತ್ತು. ಅವರು ನಂಬಿದ್ದು ಆ ಕಣ್ಣಿನ ಪರೀಕ್ಷೆಯನ್ನು, ಬರೀ ಅಂಕಿಯನ್ನಲ್ಲ. ಔಷಧ ಮುಂದುವರಿಯಿತು, ಹೊಲ ಉಳಿಯಿತು.

ನಮ್ಮ ಕಡೆಯ ಜನ ಕೂಲಿ ಬಿಟ್ಟು, ಸಾಲ ಮಾಡಿ ಕಲಬುರಗಿ, ರಾಯಚೂರು, ಸೊಲ್ಲಾಪುರ, ಹೈದರಾಬಾದ್ ಎಂದು ಅಲೆಯುತ್ತಾರೆ. ಊರು ಬದಲಾದಂತೆ ಯಂತ್ರವೂ ಬದಲಾಗುತ್ತದೆ, ಅಳೆಯುವ ಕೈಯೂ ಬದಲಾಗುತ್ತದೆ. ಹಾಗಾಗಿ ವರದಿಯ ಕಾಗದವಷ್ಟೇ ಅಲ್ಲ, ಫಿಲ್ಮು, ಸಿ.ಡಿ.ಗಳನ್ನೂ ಜೋಪಾನವಾಗಿಡಿ. ಮರುಸ್ಕ್ಯಾನನ್ನು ಆದಷ್ಟು ಮೊದಲಿನ ಯಂತ್ರದಲ್ಲೇ ಮಾಡಿಸಿ. ಹಳೆಯ ಚಿತ್ರದೊಂದಿಗೆ ಹೋಲಿಸಿ ಬರೆಯಿರಿ ಎಂದು ಸಂಕೋಚವಿಲ್ಲದೆ ಕೇಳಿ. ಎಲ್ಲಿ, ಹೇಗೆ ಅಳೆದೆವೆಂದು ಒಂದು ಸಾಲು ಬರೆಯಲು ಸ್ಕ್ಯಾನ್ ಕೇಂದ್ರಕ್ಕೆ ಖರ್ಚೇನೂ ಇಲ್ಲ. ಆ ಸಾಲು ಇಲ್ಲದಿದ್ದರೆ ಖರ್ಚೆಲ್ಲ ಬಡವನ ಮೇಲೆಯೇ ಬೀಳುತ್ತದೆ.