ಟೊಮೆಟೊ ಮಂಡಿಯ ಹಿಂದಿನ ಗ್ಯಾರೇಜು

ಶುಕ್ರವಾರ ರಾತ್ರಿ ಸೋದರಮಾವ ಫೋನ್ ಮಾಡಿದಾಗ ದನಿಯೇ ಸರಿ ಇರಲಿಲ್ಲ. "ಗಾಡಿ ಎಂಜಿನ್ ಹೋಯ್ತಂತೆ ಕಣಪ್ಪ. ಪ್ಲಗ್ ಮೇಲೆಲ್ಲ ಆಯಿಲ್. ರಿಂಗ್ ಸವೆದಿದೆ, ಎಂಜಿನ್ ಇಳಿಸಿ ಬಿಚ್ಚಬೇಕು, 38 ಸಾವಿರ ಆಗುತ್ತೆ ಅಂದ್ರು."

ಮಾವನದು ಪೆಟ್ರೋಲಿನ ಪುಟ್ಟ ಟ್ರಕ್ಕು. ದೊಡ್ಡ ಲಾರಿಗಳ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇರೋದಿಲ್ಲ, ಇದಕ್ಕೆ ನಾಲ್ಕಿವೆ. ಮುಳಬಾಗಿಲು ಕಡೆಯ ಹಳ್ಳಿಗಳಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊಡೆಯೋದು ಅವರ ಕೆಲಸ. ಸಾಲದ ಕಂತು ಇನ್ನೂ ಹದಿನಾಲ್ಕು ಬಾಕಿ. ಸೀಸನ್ನಿನಲ್ಲಿ ಗಾಡಿ ಒಂದು ವಾರ ನಿಂತರೆ ರೈತರು ಬೇರೆಯವರನ್ನ ನೋಡ್ಕೊಳ್ತಾರೆ, ಮತ್ತೆ ವಾಪಸ್ ಬರಲ್ಲ. ನಿಜ ಹೇಳ್ತೀನಿ, ಅರ್ಧ ದುಡ್ಡು ಆಗಲೇ ಕಳಿಸೋಣ ಅಂತ ಮೊಬೈಲ್ ಕೈಗೆ ತಗೊಂಡಿದ್ದೆ. "ನಾಳೆ ನಾನು ಬರೋ ತನಕ ಬಿಚ್ಚಿಸಬೇಡಿ" ಅಂದದ್ದು ಯಾಕೋ ಗೊತ್ತಿಲ್ಲ.

ಬೆಂಗಳೂರಿಂದ ಕೋಲಾರ ಎಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಹೊಸಕೋಟೆ ದಾಟಿದ ಮೇಲೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಊರು ಬದಲಾಗೋದು ಗೊತ್ತಾಗುತ್ತೆ. ಒಂದು ಹೊಳೆಯೂ ವರ್ಷಪೂರ್ತಿ ಹರಿಯದ ಜಿಲ್ಲೆ ಇದು. ನಾವು ಬೆಂಗಳೂರಲ್ಲಿ ಬಚ್ಚಲಿಗೆ ಬಿಟ್ಟ ನೀರೇ ಸಂಸ್ಕರಣೆಯಾಗಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಇಲ್ಲಿನ ಕೆರೆಗಳಿಗೆ ಬರ್ತಿದೆ. ಅಂಥ ನೆಲದಲ್ಲೇ ಬೋರ್‌ವೆಲ್ ನಂಬ್ಕೊಂಡು ಇಷ್ಟೊಂದು ಟೊಮೆಟೊ ಬೆಳೀತಾರೆ.

ಮಂಡಿ ತಲುಪಿದಾಗ ಬಿಸಿಲು ಏರಿತ್ತು. ಎಲ್ಲಿ ನೋಡಿದ್ರೂ ಪ್ಲಾಸ್ಟಿಕ್ ಕ್ರೇಟು, ಹದಿನೈದು ಕೇಜಿ ಒಂದು ಬಾಕ್ಸು. 2023ರ ಜುಲೈನಲ್ಲಿ ಇದೇ ಬಾಕ್ಸು ಎರಡು ಸಾವಿರ ದಾಟಿತ್ತು. ರೇಟು ಬಿದ್ದಾಗ ಇದೇ ಹಣ್ಣನ್ನ ರಸ್ತೆ ಬದಿ ಸುರಿದು ಹೋಗ್ತಾರೆ. ಬಾಡಿಗೆ ಮಾತ್ರ ಎರಡೂ ಕಾಲದಲ್ಲಿ ಹೆಚ್ಚೂಕಡಿಮೆ ಅಷ್ಟೇ ಅಂತ ಮಾವ ಹೇಳ್ತಿರ್ತಾರೆ.

ಮಂಡಿ ಹಿಂದಿನ ರಸ್ತೆಯೇ ಬೇರೆ ಲೋಕ. ಪಂಕ್ಚರ್ ಅಂಗಡಿ, ಪಟ್ಟಾ ಕೆಲಸದವರು, ಒಂದು ಲೇತ್, ದೂರಕ್ಕೆ ಅಂತರಗಂಗೆ ಬೆಟ್ಟ. ಕೊನೆಯ ಶೆಡ್ಡಿನಲ್ಲಿ ಅರವತ್ತರ ಆಸುಪಾಸಿನ ಒಬ್ಬರು, ಎಲ್ಲರ ಬಾಯಲ್ಲೂ ಬರೀ 'ಭಾಯ್'. ಗಾಡಿ ಮಿಸ್ಸಿಂಗ್ ಹೊಡೀತಾ, ನಡುಗ್ತಾ ಅಲ್ಲಿಗೆ ಬಂತು.

ನಾನು ದೊಡ್ಡದಾಗಿ ಬ್ಯಾಗಿಂದ ಬ್ಲೂಟೂತ್ ಸ್ಕ್ಯಾನರ್ ತೆಗೆದೆ. ಕೋಡ್ ಬಂತು, ಪಿ0303. ಮೂರನೇ ಸಿಲಿಂಡರ್ ಮಿಸ್‌ಫೈರ್. ಭಾಯ್ ತಲೆ ಆಡಿಸಿದ್ರು. "ಯಾವುದು ಅಂತ ಹೇಳ್ತು. ಯಾಕೆ ಅಂತ ಹೇಳ್ತಾ ಸಾರ್?" ಹೇಳಿರಲಿಲ್ಲ.

ಆಮೇಲೆ ಮಾವನ ಕಡೆ ತಿರುಗಿ ಕೇಳಿದ್ರು. "ಅಣ್ಣ, ಅವತ್ತು ಪ್ಲಗ್ ತೆಗೆಯೋ ಮುಂಚೆ ಗುಂಡಿ ಒರೆಸಿದ್ರಾ?"

"ಇಲ್ಲ ಭಾಯ್. ಪಾನಾ ಹಾಕಿದ್ರು, ತಿರುಗಿಸಿದ್ರು, ತೆಗೆದು ತೋರಿಸಿದ್ರು. ಪೂರ್ತಿ ಆಯಿಲ್."

ಭಾಯ್ ನಕ್ಕರು.

ಈ ಗಾಡಿಯಲ್ಲಿ ಎಂಜಿನ್ ಸೀಟಿನ ಕೆಳಗೆ. ಸೀಟು ಎತ್ತಿ, ಮೂರನೇ ಕಾಯಿಲ್ ಎಳೆದರು. ಅದರ ರಬ್ಬರ್ ಎಣ್ಣೆ ಕುಡಿದು ಊದಿಕೊಂಡಿತ್ತು. ಪ್ಲಗ್ ಕೂರೋ ಜಾಗ ಬಾವಿ ಥರ ಆಳ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರೆ ತಳದಲ್ಲಿ ಎಣ್ಣೆ ನಿಂತಿತ್ತು. ಭಾಯ್ ಸಿರಿಂಜಿಗೆ ಟ್ಯೂಬು ಸಿಕ್ಕಿಸಿ ಅಷ್ಟನ್ನೂ ಹೀರಿ, ಬಟ್ಟೆಯಲ್ಲಿ ಒರೆಸಿ, ಆಮೇಲೇ ಪ್ಲಗ್ ಬಿಚ್ಚಿದ್ರು. ಮೇಲಿನ ಬಿಳಿ ಪಿಂಗಾಣಿ, ಮರೆ, ಎರಡೂ ಎಣ್ಣೆ. ಕಿಡಿ ಹಾರೋ ತುದಿ ಮಾತ್ರ ಮಸಿ ಹಿಡಿದು ಕಪ್ಪಗಿತ್ತು, ಮೂಸಿದರೆ ಪೆಟ್ರೋಲ್ ವಾಸನೆ. ಎಣ್ಣೆ ಇರಲಿಲ್ಲ.

ಇಷ್ಟೇ ವಿಷಯ, 38 ಸಾವಿರದ್ದು. ಎಣ್ಣೆ ಪ್ಲಗ್ಗಿನ ತುದಿಯಲ್ಲಿದ್ದರೆ ಅದು ಸಿಲಿಂಡರ್ ಒಳಗಿಂದ ಬಂದದ್ದು. ರಿಂಗೋ, ವಾಲ್ವ್ ಸೀಲೋ ಹೋಗಿರುತ್ತೆ, ಖರ್ಚು ದೊಡ್ಡದು. ಮೇಲ್ಭಾಗದಲ್ಲೇ ಇದ್ದರೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಅಥವಾ ಪ್ಲಗ್ ಗುಂಡಿಯ ಸೀಲು ಸೋರ್ತಿದೆ ಅಂತ ಅರ್ಥ. ಗುಂಡಿ ಒರೆಸದೆ ಪ್ಲಗ್ ಬಿಚ್ಚಿದರೆ ಮೇಲಿನ ಎಣ್ಣೆ ಕೆಳಗಿಳಿದು ತುದಿಗೂ ಮೆತ್ತಿಕೊಳ್ಳುತ್ತೆ. ಆಗ ಯಾರೇ ನೋಡಿದ್ರೂ ರಿಂಗು ಅಂತಲೇ ಅನ್ನಿಸೋದು. ನಮ್ಮ ಆಫೀಸಲ್ಲಿ ಸರ್ವರ್ ಬಿದ್ದಾಗ ಮೊದಲು ರೀಸ್ಟಾರ್ಟ್ ಮಾಡಿ ಆಮೇಲೆ ಲಾಗ್ ಹುಡುಕೋರನ್ನ ಕಂಡಿದ್ದೀನಿ. ಆ ಮೊದಲನೇ ಮೆಕ್ಯಾನಿಕ್ ಮೋಸ ಮಾಡಿದ್ರು ಅಂತ ನಾನು ಹೇಳಲ್ಲ, ಅವರ ಕಣ್ಣಿಗೆ ಎಣ್ಣೆ ಕಂಡಿದ್ದು ಸುಳ್ಳಲ್ಲ.

ಭಾಯ್ ಅಲ್ಲಿಗೇ ನಿಲ್ಲಿಸಲಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಹೊಗೆ ಬರುತ್ತಾ? ಲೋಡ್ ಇದ್ದಾಗ ಆಕ್ಸಿಲರೇಟರ್ ಒತ್ತಿದರೆ? ಸರ್ವಿಸ್ ಮಧ್ಯೆ ಆಯಿಲ್ ಸೇರಿಸ್ತೀರಾ? ಮೂರಕ್ಕೂ ಇಲ್ಲ ಅಂದ್ರು ಮಾವ. ಉಳಿದ ಗುಂಡಿಗಳನ್ನೂ ಒರೆಸಿ ಪ್ಲಗ್ ತೆಗೆದ್ರೆ ಮೂರರ ತುದಿಯೂ ತೆಳು ಕಂದು. "ಹಾಲು ಹಾಕಿದ ಟೀ ಬಣ್ಣ ಇದ್ರೆ ಎಂಜಿನ್ ಆರಾಮಾಗಿದೆ ಅಂತ" ಅಂದ್ರು. ಕೊನೆಗೆ ಕಂಪ್ರೆಷನ್ ಗೇಜ್ ಹಾಕಿ, ನನಗೆ ಆಕ್ಸಿಲರೇಟರ್ ಪೂರ್ತಿ ಒತ್ತೋಕೆ ಹೇಳಿ, ಮಾವನ ಕೈಲಿ ಸೆಲ್ಫ್ ಹೊಡೆಸಿದ್ರು. 170, 168, 165, 170. ಮೂರನೆಯದು ಕಡಿಮೆ ಬಂದಿದ್ರೆ ಒಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡ್ತಿದ್ರಂತೆ. ಆಗ ಪ್ರೆಷರ್ ಏರಿದರೆ ದೋಷ ರಿಂಗಿನದ್ದು. ಅದರ ಅಗತ್ಯವೇ ಬೀಳಲಿಲ್ಲ. ಮಾವ ಅಲ್ಲೇ ಟೈರಿನ ಮೇಲೆ ಕೂತು ನೀರು ಕುಡಿದರು.

ಟ್ಯಾಪೆಟ್ ಕವರ್ ತೆಗೆದಾಗ ಸೀಲುಗಳು ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂದವು. ವರ್ಷಗಟ್ಟಲೆ ಬಿಸಿಗೆ ರಬ್ಬರ್ ಗಟ್ಟಿಯಾಗೋದು ಸಹಜ. ಆದ್ರೆ ಭಾಯ್ ಇನ್ನೊಂದು ಸಣ್ಣ ಭಾಗ ಬಿಚ್ಚಿ ನನ್ನ ಕಿವಿ ಹತ್ತಿರ ಅಲ್ಲಾಡಿಸಿದ್ರು. ಶಬ್ದ ಬರಲಿಲ್ಲ. ಪಿಸಿವಿ ವಾಲ್ವ್. ಎಂಜಿನ್ ಒಳಗೆ ಸೇರೋ ಗ್ಯಾಸನ್ನ ಹೊರಗೆ ಎಳೆಯೋ ದಾರಿ ಅದು, ಚೆನ್ನಾಗಿದ್ರೆ ಗಲಗಲ ಅನ್ನಬೇಕು. ಕಸರು ಕಟ್ಟಿ ಮುಚ್ಚಿಕೊಂಡರೆ ಒಳಗೆ ಒತ್ತಡ ಏರಿ ಎಣ್ಣೆಯನ್ನ ಸೀಲಿಂದಾಚೆ ನೂಕುತ್ತೆ. ಬರೀ ಸೀಲು ಬದಲಾಯಿಸಿದ್ರೆ ಮತ್ತೆ ಸೋರ್ತಿತ್ತು.

ಸಾಮಾನು ತರೋಕೆ ನಾನೇ ಪೇಟೆಗೆ ಹೋದೆ. ಪ್ಯಾಕಿಂಗ್ ಸೆಟ್, ಪಿಸಿವಿ ವಾಲ್ವ್, ಒಂದು ಪ್ಲಗ್, ಕಾಯಿಲಿನ ರಬ್ಬರ್. ಕವರಿನ ಬೋಲ್ಟುಗಳನ್ನ ಭಾಯ್ ಕೈ ತಡೆದು ತಡೆದು ಬಿಗಿ ಮಾಡಿದ್ರು, ಜಾಸ್ತಿ ಬಿಗಿದರೆ ಹೊಸ ಪ್ಯಾಕಿಂಗೇ ಹಿಂಡಿಹೋಗುತ್ತಂತೆ. ಕೂಲಿ ಸೇರಿ 3,200 ರೂಪಾಯಿ. ಮಾವ ನನಗೆ ಕೊಡೋಕೆ ಬಿಡಲಿಲ್ಲ, ಒಳಜೇಬಿಂದ ನೋಟು ಎಣಿಸಿ ಅವರೇ ಕೊಟ್ಟರು.

ಹದಿನೈದು ದಿನ ಆದ ಮೇಲೆ ವಾಟ್ಸಾಪಿಗೆ ನಾಲ್ಕು ಫೋಟೊ ಬಂತು. ಗುಂಡಿಗಳನ್ನ ಒರೆಸಿಯೇ ಬಿಚ್ಚಿದ ನಾಲ್ಕು ಪ್ಲಗ್ಗು, ಕ್ರೇಟಿನ ಮೇಲೆ ಸಾಲಾಗಿ. ಕೆಳಗೆ ಮಾವನ ವಾಯ್ಸ್ ಮೆಸೇಜ್: "ಮೂರನೇದು ಟೀ ಬಣ್ಣ ಇದೆಯಾ ನೋಡಪ್ಪ. ನಂಗೇನೋ ಸ್ವಲ್ಪ ಸ್ಟ್ರಾಂಗ್ ಅನ್ಸುತ್ತೆ."